ಪಾತ್ರ, ಪಾತ್ರಧಾರಿ ಮತ್ತು ನಿರೀಕ್ಷೆ: 'ಸಂತ ಶಿಶುನಾಳ ಶರೀಫ' ಚಿತ್ರವನ್ನು ಕುರಿತು ಕೆಲವು ವಿಚಾರಗಳು

ಜನಮನದಲ್ಲಿ ಮೊದಲೇ ರೂಪು ತಳೆದಿರುವ ವ್ಯಕ್ತಿಯನ್ನು ಬೆಳ್ಳಿತೆರೆಗೆ ತರುವಾಗ ಯಾರ ಮುಖವನ್ನು ಆತನಿಗೆ ಕೊಡಬೇಕೆಂಬ ಪ್ರಶ್ನೆ ಹೊಸದಲ್ಲ. ಜಪಾನಿನ ಅನಿಮೆ ಚಿತ್ರಗಳನ್ನು ನಟನಟಿಯರಿಂದ ಮರುನಿರ್ಮಿಸುವ ಪ್ರಯತ್ನಗಳು ಅದನ್ನು ಮತ್ತೆ ಮುನ್ನೆಲೆಗೆ ತಂದಿವೆ. 1995ರ 'ಘೋಸ್ಟ್ ಇನ್ ದಿ ಶೆಲ್' 2017ರಲ್ಲಿ ಹಾಲಿವುಡ್ ಚಿತ್ರವಾದಾಗ, ಜಪಾನೀ ಹೆಸರಿನ ನಾಯಕಿಯ ಪಾತ್ರಕ್ಕೆ ಸ್ಕಾರ್ಲೆಟ್ ಜೋಹಾನ್ಸನ್ ಅವರನ್ನು ಆರಿಸಿದ್ದು ದೊಡ್ಡ ವಿವಾದಕ್ಕೆ ಎಡೆಯಾಯಿತು. ಮೂಲ ಅನಿಮೆಯ ನಿರ್ದೇಶಕ ಮಾಮೊರು ಒಶಿಯಿ ಅವರು ಮಾತ್ರ ಈ ಆಯ್ಕೆಯಲ್ಲಿ ದೋಷ ಕಾಣಲಿಲ್ಲ. ಯಂತ್ರದೇಹದ ಆ ನಾಯಕಿಗೆ ದೇಹವೆಂಬುದೇ ತೊಡಿಸಿದ ಕವಚವೆಂಬುದು ಅವರ ವಾದ. ಅನಿಮೆಯಲ್ಲಿ ಚಿತ್ರಕಾರನ ಗೆರೆ ಮುಖವನ್ನು ನಿಶ್ಚಯಿಸಿರುತ್ತದೆ. ಪ್ರೇಕ್ಷಕ ನಟನಲ್ಲಿ ಅದರ ಹೋಲಿಕೆಯನ್ನು ಹುಡುಕುತ್ತಾನೆ. ಮುಖಕ್ಕಿಂತ ಹೆಚ್ಚಾಗಿ ದನಿಯಾಗಿ ಉಳಿದುಬಂದ ವ್ಯಕ್ತಿಯ ವಿಷಯದಲ್ಲಿ ಈ ನಿರೀಕ್ಷೆ ಯಾವುದರ ಮೇಲೆ ನಿಲ್ಲುತ್ತದೆ? ಇದನ್ನು ಪರಿಶೀಲಿಸಲು ಕುಂದಗೋಳ ಸೀಮೆ ತಕ್ಕ ನೆಲ.

ಯರಗುಪ್ಪಿಯಂತಹ ಇಲ್ಲಿನ ಎರೆನೆಲದ ಊರುಗಳಿಗೆ ಶಿಶುನಾಳ ಶರೀಫರು (1819-1889) ದೂರದ ಸಂತರಲ್ಲ. ಅವರ ಗುರು ಗೋವಿಂದಭಟ್ಟರ ಕಳಸ ಇದೇ ತಾಲ್ಲೂಕಿನದು. ಶಿಶುನಾಳವು ಇಂದು ಹಾವೇರಿ ಜಿಲ್ಲೆಗೆ ಸೇರಿದ್ದರೂ 1997ರವರೆಗೆ ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. ಏಕತಾರಿ, ದಮಡಿ, ತಾಳಗಳೊಡನೆ ಒಬ್ಬನು ಪದವನ್ನು ಎತ್ತಿಕೊಂಡರೆ ಉಳಿದವರು ಹಿಮ್ಮೇಳ ಹಿಡಿಯುತ್ತಾರೆ. ಕೊನೆಯಲ್ಲಿ ಶಿಶುನಾಳಧೀಶನ ಅಂಕಿತ ಬಂದಾಗ, ಹಾಡುತ್ತಿರುವವನೇ ಆ ಗಳಿಗೆಯ ಮಟ್ಟಿಗೆ ಶರೀಫ. ಆತನು ಒಕ್ಕಲಿಗನೋ, ನೇಕಾರನೋ, ಹಿಂದುವೋ, ಮುಸಲ್ಮಾನನೋ ಎಂದು ಯಾರೂ ಕೇಳುವುದಿಲ್ಲ. ಹೀಗೆ ಶರೀಫರ ಪಾತ್ರವು ಊರೂರಿನಲ್ಲಿ ಹಲವು ಮುಖಗಳಿಗೆ ಹಂಚಿಹೋಗಿದೆ.

ದನಿಯನ್ನು ಮುಂದಿಟ್ಟು ಮುಖವನ್ನು ಹಿಂದಿಡುವ ಈ ರೂಢಿ ಭಜನೆಗಷ್ಟೇ ಸೀಮಿತವಾಗಿರಲಿಲ್ಲ. 1886ರಲ್ಲಿ ಕುಂದಗೋಳದಲ್ಲಿ ಜನಿಸಿದ ರಾಮಭಾವು ಕುಂದಗೋಳಕರ ಅವರು ಮರಾಠಿ ಸಂಗೀತ ನಾಟಕಗಳ ಸ್ತ್ರೀಪಾತ್ರಗಳಲ್ಲಿ ಖ್ಯಾತರಾದರು. ನಾಡು ಅವರನ್ನು ಬಲ್ಲುದು ಸವಾಯಿ ಗಂಧರ್ವರೆಂದು. ಗಂಡಸಿನ ದೇಹದಲ್ಲಿ ನಾಯಕಿಯನ್ನು ಕಾಣಲು ಅಂದಿನ ಪ್ರೇಕ್ಷಕರಿಗೆ ತೊಡಕಾಗಲಿಲ್ಲ. ಹಾಡು ತಪ್ಪಿದ್ದರೆ ಕ್ಷಮಿಸುತ್ತಿದ್ದರೇ ಎಂಬುದು ಬೇರೆ ಮಾತು!

1990ರಲ್ಲಿ ಟಿ.ಎಸ್. ನಾಗಾಭರಣ ಅವರು 'ಸಂತ ಶಿಶುನಾಳ ಶರೀಫ' ಚಿತ್ರವನ್ನು ನಿರ್ದೇಶಿಸಿದಾಗ ಹಲವು ಮುಖಗಳ ಜಾಗದಲ್ಲಿ ಒಂದೇ ಮುಖ ನಿಂತಿತು. ಶರೀಫರಾದವರು ಭರತನಾಟ್ಯ ಕಲಾವಿದ ಶ್ರೀಧರ್. ಗೋವಿಂದಭಟ್ಟರ ಪಾತ್ರ ಗಿರೀಶ ಕಾರ್ನಾಡರದು. ಸಂಭಾಷಣೆ ಗೋಪಾಲ ವಾಜಪೇಯಿ ಅವರದು. ರಾಷ್ಟ್ರೀಯ ಭಾವೈಕ್ಯವನ್ನು ಕುರಿತ ಚಿತ್ರಕ್ಕೆ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿಯೂ ಇದಕ್ಕೆ ಸಂದಿತು. ಈ ಸೀಮೆಯವರಲ್ಲದ ನರ್ತಕರೊಬ್ಬರು ಶರೀಫರಾದುದು ನನ್ನ ದೃಷ್ಟಿಯಲ್ಲಿ ಕೊರತೆಯಲ್ಲ. ಹೋಲಿಸಿ ನೋಡಲು ಇಲ್ಲಿ ಅನಿಮೆಯಂತೆ ನಿಶ್ಚಿತವಾದ ಮೂಲಚಿತ್ರವಿರಲಿಲ್ಲ. ಮಾತಿನ ಧಾರವಾಡ ಜಾಡನ್ನು ವಾಜಪೇಯಿಯವರ ಸಂಭಾಷಣೆ ಕಾಯ್ದುಕೊಂಡಿತು. ಧಾರವಾಡದಲ್ಲಿ ಓದಿ ಬೆಳೆದ ಕಾರ್ನಾಡರಿಗಂತೂ ಆ ಮಾತು ಕಿವಿಗೆ ಪರಿಚಿತವಾದದ್ದೇ.

ನಿಜವಾದ ಪಲ್ಲಟವಾದುದು ಹಾಡಿನಲ್ಲಿ. ಚಿತ್ರದ ಸಂಗೀತ ನಿರ್ದೇಶಕ ಸಿ. ಅಶ್ವಥ್ ಹಾಸನ ಜಿಲ್ಲೆಯ ಹೊಳೆನರಸೀಪುರದವರು, ಸುಗಮ ಸಂಗೀತದ ಧೀಮಂತರು. ಅವರ ಮಟ್ಟುಗಳಲ್ಲಿ ಶರೀಫರು ಬೆಂಗಳೂರು, ಮೈಸೂರುಗಳ ಮನೆಮಾತಾದರು. ಆ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಭಜನೆಯಲ್ಲಿ ಪದದ ಅರ್ಧ ಭಾರವನ್ನು ಹೊರುವುದು ಹಿಮ್ಮೇಳ. ಮುಖ್ಯ ಗಾಯಕ ಉಸಿರು ಬಿಟ್ಟ ಕಡೆ ಅದು ಉಸಿರು ಹಿಡಿಯುತ್ತದೆ. ಸುಗಮ ಸಂಗೀತದಲ್ಲಿ ಗಾಯಕನೇ ಪ್ರಧಾನ, ಉಳಿದುದು ವಾದ್ಯಮೇಳ. ನಟನ ಆಯ್ಕೆಯನ್ನು ಕುರಿತು ಎಷ್ಟೇ ಚರ್ಚಿಸಿದರೂ, ಹಲವರ ಶರೀಫರನ್ನು ಒಬ್ಬರನ್ನಾಗಿಸಿದ್ದು ಮುಖಕ್ಕಿಂತ ಮಿಗಿಲಾಗಿ ಈ ಧಾಟಿಯೇ.

2023ರ 'ಒನ್ ಪೀಸ್' ಸರಣಿಯ ನಟರ ಆಯ್ಕೆಗೆ ಒಪ್ಪಿಗೆ ನೀಡಲು ಮೂಲ ಕರ್ತೃ ಎಯಿಚಿರೊ ಒಡಾ ಅವರೇ ಇದ್ದರು. ಶರೀಫರ ಪದಗಳಿಗೆ ಅಂತಹ ಒಬ್ಬ ಒಡೆಯನಿಲ್ಲ. ಇರುವವರು ಹಾಡುವವರು ಮಾತ್ರ. ಅವರು ಚಿತ್ರವನ್ನು ತಿರಸ್ಕರಿಸಲೂ ಇಲ್ಲ, ಅದಕ್ಕೆ ಪೂರ್ತಿ ಶರಣಾಗಲೂ ಇಲ್ಲ. ಇಂದಿಗೂ ಈ ಭಾಗದ ಭಜನೆಗಳಲ್ಲಿ ಅಶ್ವಥ್ ಮಟ್ಟಿನಲ್ಲಿ ಎತ್ತಿಕೊಂಡ ಪದವು ಎರಡನೆಯ ನುಡಿಗೆ ಬರುವಷ್ಟರಲ್ಲಿ ಹಿಮ್ಮೇಳದವರ ಹಳೆಯ ಮಟ್ಟಿಗೆ ಹೊರಳಿಕೊಳ್ಳುವುದುಂಟು.