ಗುಬ್ಬಿಯ ಹೇರು, ಕುಣಿಗಲ್ಲಿನ ಹರಕೆ

ತುಮಕೂರು ಸೀಮೆಯ ಹಳೆಯ ದಾರಿಗಳ ಮೇಲೆ ವ್ಯಾಪಾರಕ್ಕಾಗಿ ನಡೆದವರೂ ಹರಕೆಗಾಗಿ ನಡೆದವರೂ ಇದ್ದರು; ಇವರಿಬ್ಬರ ಚರಿತ್ರೆ ಒಂದೇ ರೀತಿಯಲ್ಲಿ ಸಾಗಲಿಲ್ಲ. ಮಲೆನಾಡಿನ ಅಡಿಕೆ ವಾಲಾಜಾಪೇಟೆಯ ವರ್ತಕರ ಕೈಸೇರುವ ಮುನ್ನ ಗುಬ್ಬಿಯ ಸಂತೆಯಲ್ಲಿ ಇಳಿಯುತ್ತಿತ್ತು. ಗಾಡಿದಾರಿ ಇಲ್ಲದೆಡೆ ಸರಕನ್ನು ಹೊರುತ್ತಿದ್ದವು ಹೇರೆತ್ತುಗಳು, ಅಂದರೆ ಬೆನ್ನಿನ ಎರಡೂ ಪಕ್ಕಕ್ಕೆ ಗೋಣಿಚೀಲ ಇಳಿಬಿಟ್ಟುಕೊಂಡು ಸಾಲಾಗಿ ನಡೆಯುವ ಎತ್ತುಗಳು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ವಹಿವಾಟನ್ನು ಗಮನಿಸಿ ಬರೆದಿಟ್ಟನು. ಆ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಬೆಂಗಳೂರಿನ ರೈಲು 1884ರಲ್ಲಿ ತುಮಕೂರಿಗೂ, ಗುಬ್ಬಿ, ತಿಪಟೂರುಗಳನ್ನು ಹಾದು 1889ರಲ್ಲಿ ಹರಿಹರಕ್ಕೂ ಮುಟ್ಟಿದ ಮೇಲೆ ಹೇರಿನ ನಡಿಗೆಗೆ ಕಾರಣವೇ ಉಳಿಯಲಿಲ್ಲ.

ಹರಕೆಯ ನಡಿಗೆ ಹಾಗಲ್ಲ. ಕುಣಿಗಲ್ ತಾಲ್ಲೂಕಿನ ಯಡಿಯೂರಿನಲ್ಲಿ ಸಮಾಧಿಸ್ಥರಾದ ತೋಂಟದ ಸಿದ್ಧಲಿಂಗ ಯತಿಗಳು 701 ವಿರಕ್ತರೊಡನೆ ಸಂಚರಿಸಿದರೆಂಬುದು ವೀರಶೈವ ಪರಂಪರೆಯ ನಂಬಿಕೆ. ವಿರಕ್ತನೆಂದರೆ ಒಂದೆಡೆ ನೆಲೆಯೂರದೆ ಚರಿಸುವವನು. ಅವನಿಗೆ ನಡೆಯುವುದೇ ವ್ರತ. ಇಂದು ಇದೇ ಯಡಿಯೂರನ್ನು ಹಾದು, ಶಿವರಾತ್ರಿಗೆ ಮುಂಚೆ, ಬೆಂಗಳೂರು ಕಡೆಯ ಭಕ್ತರು ಹಾಸನ, ಮೂಡಿಗೆರೆ, ಚಾರ್ಮಾಡಿ ಘಾಟಿಯ ಮಾರ್ಗವಾಗಿ ಧರ್ಮಸ್ಥಳಕ್ಕೆ ಸುಮಾರು 300 ಕಿಲೋಮೀಟರ್ ನಡೆಯುತ್ತಾರೆ. ಬಸ್ಸಿದ್ದರೂ ನಡೆಯುವುದೇ ಇಲ್ಲಿನ ಹರಕೆಯಾದ್ದರಿಂದ, ವಾಹನ ಸೌಕರ್ಯ ಹೆಚ್ಚಿದಷ್ಟೂ ನಡಿಗೆ ಕಡಿಮೆಯಾಗಬೇಕೆಂಬ ಲೆಕ್ಕ ಇವರಿಗೆ ಹೊಂದುವುದಿಲ್ಲ.

ಯೌವನದಲ್ಲಿ ಒಮ್ಮೆ ನಡೆದು, ಮಕ್ಕಳು ದಡ ಸೇರಿದ ಮೇಲೆ ಮತ್ತೆ ಹೊರಡುವವರ ಪಾಲಿಗೆ ಬದಲಾಗಿರುವುದು ಅವರ ಮೊಣಕಾಲು ಮಾತ್ರವಲ್ಲ. ಆಗ ಎರಡು ಸಾಲಿನ ರಸ್ತೆ, ಬದಿಯಲ್ಲಿ ಮರಗಳ ನೆರಳು. ಈಗ ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿ 75, ಅದರ ಡಾಂಬರಿನ ಕಾವು. ಬಿಸಿಲೇರುವ ಮುನ್ನವೇ ಸಾಗಬೇಕೆಂದು ನಸುಕಿಗೆ ಏಳುವುದು, ಅಂಗಾಲಿನ ಬೊಬ್ಬೆಗೆ ಹರಳೆಣ್ಣೆ ಸವರಿ ಬಟ್ಟೆ ಸುತ್ತುವುದು ಮಾತ್ರ ಹಾಗೆಯೇ ಉಳಿದಿವೆ. ದಾರಿಹೋಕರ ದಾಹ ತಣಿಸಲು ಪುಣ್ಯಾರ್ಥವಾಗಿ ಇಡುವ ಅರವಟಿಗೆಯೂ ಉಳಿದಿದೆ. ಶಾಮಿಯಾನದಡಿ ಮಜ್ಜಿಗೆ, ಪಾನಕ, ಕೋಸಂಬರಿ ಹಂಚುವ ಊರವರು ನಡೆಯುವವರ ಜಾತಿ ಕೇಳುವುದಿಲ್ಲ ಎಂಬುದನ್ನು ಚರಿತ್ರಕಾರರು ಇನ್ನಷ್ಟು ಗಮನಿಸಬೇಕಿತ್ತು.

ಗುಬ್ಬಿಗೆ ಹತ್ತೊಂಬತ್ತನೆಯ ಶತಮಾನದಲ್ಲೇ ಸಿಕ್ಕ ರೈಲು ಕುಣಿಗಲ್ಲಿಗೆ ಬಂದದ್ದು 2017ರಲ್ಲಿ, ಬೆಂಗಳೂರು–ಹಾಸನ ಮಾರ್ಗ ತೆರೆದಾಗ. ಯಾತ್ರೆ ಅದರಿಂದಲೂ ನಿಲ್ಲಲಿಲ್ಲ. ಹೆದ್ದಾರಿಯನ್ನು ಅಗಲಿಸಿದವರು ವಾಹನಗಳ ಲೆಕ್ಕ ಹಿಡಿದಂತೆ ಈ ಕಾಲುಗಳ ಲೆಕ್ಕವನ್ನೂ ಹಿಡಿದು, ಪಕ್ಕದಲ್ಲೊಂದು ಮಣ್ಣಿನ ಕಾಲುದಾರಿಯನ್ನೂ ಸಾಲುಮರಗಳನ್ನೂ ಒದಗಿಸಬೇಕಾಗಿದೆ.