ಕಬ್ಬನ್ ಪಾರ್ಕಿನಲ್ಲಿ ಬೇಗೂರಿನ ಕಲ್ಲು

ಸರ್ಜಾಪುರದ ಕಡೆಯ ಜನಕ್ಕೆ ಬೆಂಗಳೂರಿನ ಮ್ಯೂಸಿಯಂ ನೋಡುವುದೆಂದರೆ ಹಿಂದೆ ಅದೊಂದು ದಿನದ ಯಾತ್ರೆ. ಬುತ್ತಿ ಕಟ್ಟಿಕೊಳ್ಳಬೇಕು, ಬೆಳಗಿನ ಬಸ್ಸು ಹಿಡಿಯಬೇಕು, ಮಾರ್ಕೆಟ್ಟಿನಲ್ಲಿ ಇಳಿದು ಮಕ್ಕಳ ಕೈ ಬಿಡದಂತೆ ಕಬ್ಬನ್ ಪಾರ್ಕು ಸೇರಬೇಕು. ಅಲ್ಲಿಯ ಕೆಂಪು ಕಟ್ಟಡದಲ್ಲಿ ಒಂದು ಸುತ್ತು ಬಂದು, ಮರದ ನೆರಳಿನಲ್ಲಿ ಚಿತ್ರಾನ್ನ ತಿಂದು, ಕತ್ತಲಾಗುವುದರೊಳಗೆ ಊರಿಗೆ ಮರಳಿದರೆ ಒಂದು ವರ್ಷಕ್ಕೆ ಸಾಕಾಗುವಷ್ಟು ಮಾತು ಸಿಕ್ಕಿದಂತೆ. ಈಗ ಬೆಂಗಳೂರೇ ಸರ್ಜಾಪುರಕ್ಕೆ ಬಂದುಬಿಟ್ಟಿದೆ. ರಾಗಿ ಹೊಲಗಳಿದ್ದ ಕಡೆ ಇಪ್ಪತ್ತು ಅಂತಸ್ತಿನ ಮನೆಗಳು ಎದ್ದಿವೆ. ನಾಡಿನ ನಾನಾ ಮೂಲೆಗಳಿಂದ ಬಂದ ಸಂಸಾರಗಳು ನೆಲಸಿವೆ. ಅಂಗಡಿ ಬಂತು, ಆಸ್ಪತ್ರೆ ಬಂತು, ಶಾಲೆಗಳಂತೂ ಲೆಕ್ಕವಿಲ್ಲದಷ್ಟು ಬಂದವು. ಮ್ಯೂಸಿಯಂ ಮಾತ್ರ ಬರಲಿಲ್ಲ. ಅದನ್ನು ನೋಡಲು ನಾವು ಇಂದಿಗೂ ಆ ಮೂವತ್ತು ಕಿಲೋಮೀಟರು ಹೋಗಿಯೇ ತೀರಬೇಕು.

ವಸ್ತುಸಂಗ್ರಹಾಲಯ ಎಂಬ ಮಾತು ಫಲಕದ ಮೇಲಿನದು, ಮ್ಯೂಸಿಯಂ ಎಂಬುದು ಜನರ ನಾಲಗೆಯ ಮೇಲಿನದು. ನಾನು ಎರಡನೆಯದನ್ನೇ ಬಳಸುತ್ತೇನೆ, ಪಂಡಿತರು ಮನ್ನಿಸಬೇಕು.

ಈ ಮ್ಯೂಸಿಯಂ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಅದಕ್ಕೆ ಮೂಲಪುರುಷನೆನ್ನಬಹುದಾದವನು ಎಡ್ವರ್ಡ್ ಬಾಲ್ಫೋರ್ ಎಂಬ ದಂಡಿನ ವೈದ್ಯ. ಮದರಾಸಿನಲ್ಲಿ 1851ರಲ್ಲಿ ಆರಂಭವಾದ ಮ್ಯೂಸಿಯಮ್ಮಿಗೆ ಅವನೇ ಮೊದಲ ಅಧಿಕಾರಿ. ಕಲ್ಲು, ಲೋಹ, ಒಣಗಿಸಿದ ಪ್ರಾಣಿ ಇವನ್ನೆಲ್ಲ ಸಾಲಾಗಿ ಜೋಡಿಸಿ ಕುಳಿತವನು ಒಂದು ವಿಷಯವನ್ನು ಕಂಡುಕೊಂಡ. ಜನ ಬರುವುದು ಕಲ್ಲಿಗಲ್ಲ, ಜೀವಕ್ಕೆ. ಮ್ಯೂಸಿಯಮ್ಮಿನ ಅಂಗಳದಲ್ಲಿ ಹುಲಿಯನ್ನೂ ಚಿರತೆಯನ್ನೂ ತಂದು ಕಟ್ಟಿದ ಮೇಲೆ ಸಂದಣಿ ಸೇರಿತು. ಅದೇ ಮುಂದೆ ಮದರಾಸಿನ ಮೃಗಾಲಯವಾಯಿತು. ಅಲ್ಲಿಯ ಸಾಮಾನ್ಯ ಜನ ಎರಡಕ್ಕೂ ತಮ್ಮದೇ ಹೆಸರಿಟ್ಟರು: ಮ್ಯೂಸಿಯಂ ‘ಸತ್ತ ಕಾಲೇಜು’, ಮೃಗಾಲಯ ‘ಜೀವದ ಕಾಲೇಜು’. ಇದಕ್ಕಿಂತ ಸರಿಯಾದ ಹೆಸರನ್ನು ಯಾವ ವಿದ್ವಾಂಸನೂ ಇಡಲಾರ. ಎರಡನ್ನೂ ಅವರು ಕಾಲೇಜು ಎಂದು ಕರೆದುದನ್ನು ಗಮನಿಸಬೇಕು. ಓದು ಬಾರದವರಿಗೆ ಪ್ರವೇಶವಿದ್ದ ಕಾಲೇಜುಗಳು ಅವೆರಡೇ.

ಇಂಥ ಅನುಭವವುಳ್ಳ ಬಾಲ್ಫೋರನೇ ಮೈಸೂರು ಸೀಮೆಗೂ ಒಂದು ಮ್ಯೂಸಿಯಂ ಬೇಕೆಂದು ಸರ್ಕಾರಕ್ಕೆ ಬರೆದುಕೊಂಡ. ಆಗ ಚೀಫ್ ಕಮಿಷನರಾಗಿದ್ದ ಬೌರಿಂಗ್ ಒಪ್ಪಿದ. 1865ರ ಏಪ್ರಿಲ್‌ನಲ್ಲಿ ಗೆಜೆಟ್ಟಿನಲ್ಲಿ ಪ್ರಕಟಣೆ ಹೊರಟಿತು. 1866ರ ಆಗಸ್ಟ್ 18ರಂದು ಬಾಗಿಲು ತೆರೆಯಿತು. ಮೊದಲು ಸಿಕ್ಕಿದ ಜಾಗ ದಂಡಿನ ಹಳೆಯ ಸೆರೆಮನೆ! ಆ ಬೀದಿಗೆ ಮ್ಯೂಸಿಯಂ ರಸ್ತೆ ಎಂಬ ಹೆಸರು ಉಳಿದುಕೊಂಡಿತು. ಮ್ಯೂಸಿಯಂ ಮಾತ್ರ ಅಲ್ಲಿಲ್ಲ. 1877ರಲ್ಲಿ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಈಗಿನ ಕೆಂಪು ಕಟ್ಟಡ ಎದ್ದಿತು. ಅದರ ನಕ್ಷೆ ತೆಗೆದವನು ಸ್ಯಾಂಕಿ, ಅಠಾರ ಕಚೇರಿಯನ್ನು ರೂಪಿಸಿದವನು, ಮಲ್ಲೇಶ್ವರದ ಬಳಿಯ ಕೆರೆಗೆ ಹೆಸರು ಕೊಟ್ಟವನು.

ಜೀವದ ಕಾಲೇಜು ಈಗ ಬೇರೆ ರೂಪ ತಾಳಿದೆ. ಇಂದಿನ ಮಕ್ಕಳಿಗೆ ಹುಲಿಯ ಸ್ಥಾನದಲ್ಲಿ ಯಂತ್ರವಿದೆ. ಸರ್ಜಾಪುರದಿಂದ ಹೊರಟರೆ ಮಾರತ್ತಹಳ್ಳಿ ದಾಟಿದ ಮೇಲೆ ಮೊದಲು ಸಿಗುವುದು ಎಚ್.ಎ.ಎಲ್. ವಿಮಾನ ಮ್ಯೂಸಿಯಂ, 2001ರಲ್ಲಿ ತೆರೆದದ್ದು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಕಟ್ಟಿದ ಕಾರ್ಖಾನೆಯ ಚರಿತ್ರೆ ಅಲ್ಲಿ ಬಯಲಿನಲ್ಲಿ ನಿಂತಿದೆ. ಜರ್ಮನಿಯ ಕುರ್ಟ್ ಟಾಂಕ್ ನಮ್ಮವರೊಂದಿಗೆ ಸೇರಿ ರೂಪಿಸಿದ ‘ಮಾರುತ’ ಯುದ್ಧವಿಮಾನ 1961ರ ಜೂನ್ 17ರಂದು ಬೆಂಗಳೂರಿನ ಆಕಾಶದಲ್ಲಿ ಮೊದಲ ಸಲ ಹಾರಿತು. ಅದನ್ನೂ ಅಲ್ಲಿ ಹತ್ತಿರದಿಂದ ನೋಡಬಹುದು. ಮಕ್ಕಳು ಅಲ್ಲಿಂದ ಕದಲುವುದೇ ಇಲ್ಲ.

ಮುಂದೆ ಕಸ್ತೂರಬಾ ರಸ್ತೆಯಲ್ಲಿ, ಕೆಂಪು ಮ್ಯೂಸಿಯಮ್ಮಿನ ಪಕ್ಕದಲ್ಲಿಯೆ, ವಿಶ್ವೇಶ್ವರಯ್ಯನವರ ಹೆಸರಿನ ಕೈಗಾರಿಕೆ ಮತ್ತು ತಾಂತ್ರಿಕ ಮ್ಯೂಸಿಯಂ ಇದೆ. ಅದರ ಕಟ್ಟಡವನ್ನು 1962ರ ಜುಲೈ 14ರಂದು ನೆಹರೂ ತೆರೆದರು. ಆ ವರ್ಷದ ಏಪ್ರಿಲ್‌ನಲ್ಲಿ ವಿಶ್ವೇಶ್ವರಯ್ಯನವರು ತೀರಿಕೊಂಡಿದ್ದರು. ಮೂರು ತಿಂಗಳಿನಲ್ಲಿ ತಪ್ಪಿಹೋಯಿತು. ಸಾರ್ವಜನಿಕರಿಗೆ ಪ್ರವೇಶ ಸಿಕ್ಕಿದ್ದು 1965ರ ಜುಲೈ 27ರಂದು, ವಿದ್ಯುಚ್ಛಕ್ತಿಯನ್ನು ಕುರಿತ ಒಂದೇ ಒಂದು ವಿಭಾಗದೊಂದಿಗೆ. ಆ ಕಾಲಕ್ಕೆ ಅದೆಷ್ಟು ಉಚಿತವಾದ ಆಯ್ಕೆ! ಎಷ್ಟೋ ಹಳ್ಳಿಗಳಿಗೆ ಇನ್ನೂ ದೀಪ ಬಂದಿರಲಿಲ್ಲ. ಗುಂಡಿ ಒತ್ತಿದರೆ ಬೆಳಕು ಹೇಗೆ ಬರುತ್ತದೆಂಬುದು ನಿಜವಾದ ಕುತೂಹಲವಾಗಿತ್ತು. ಈಗ ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಅಲ್ಲಿದೆ. ಆ ಮನೆಯಲ್ಲಿ ನನಗೆ ಹಿಡಿಸುವುದು ಒಂದೇ ಗುಣ: ಪಕ್ಕದ ಮನೆಯಲ್ಲಿ ‘ಮುಟ್ಟಬೇಡಿ’ ಎಂದು ಬರೆದಿದ್ದರೆ, ಇಲ್ಲಿ ‘ಒತ್ತಿ ನೋಡಿ’ ಎಂದು ಬರೆದಿದೆ. ಭಾನುವಾರದ ಜನವೆಲ್ಲ ಒತ್ತುವ ಮನೆಗೆ ನುಗ್ಗುವುದರಲ್ಲಿ ಆಶ್ಚರ್ಯವೇನು? ಬಾಲ್ಫೋರ್ ಮದರಾಸಿನಲ್ಲಿ ಕಂಡುಕೊಂಡದ್ದು ಇದೇ ತಾನೆ.

ಹಾಗಾದರೆ ಸತ್ತ ಕಾಲೇಜಿಗೆ ಮಕ್ಕಳನ್ನು ಕರೆದೊಯ್ಯುವುದು ವ್ಯರ್ಥವೆ? ಕೆಲವು ವರ್ಷಗಳ ಹಿಂದೆ ಮೊಮ್ಮಗನನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋದಾಗ ನನಗೆ ಇದಕ್ಕೆ ಉತ್ತರ ಸಿಕ್ಕಿತು. ನಾಣ್ಯಗಳ ಮುಂದೆ, ಹೊಯ್ಸಳರ ಮೂರ್ತಿಗಳ ಮುಂದೆ ಇಬ್ಬರೂ ಆಕಳಿಸಿಕೊಂಡು ಬಂದರು. ಆತಕೂರಿನ ಶಾಸನದ ಮುಂದೆ ಹುಡುಗ ನಿಂತುಬಿಟ್ಟ. ಅದರ ಮೇಲ್ಭಾಗದಲ್ಲಿ ಒಂದು ನಾಯಿ, ಒಂದು ಹಂದಿ ಮುಖಾಮುಖಿಯಾಗಿ ಹೋರಾಡುತ್ತಿವೆ.

“ತಾತ, ನಾಯಿ ಗೆದ್ದಿತೋ ಹಂದಿ ಗೆದ್ದಿತೋ?”

“ಎರಡೂ ಸತ್ತವು ಕಣೋ.”

“ಹಾಗಾದರೆ ಕಲ್ಲು ಯಾಕೆ ಹಾಕಿಸಿದರು?”

ಆಗ ಕಥೆ ಹೇಳಲೇಬೇಕಾಯಿತು. ಅದು 949ನೆಯ ಇಸವಿಯ ಸುಮಾರಿನ ಕಥೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಭಾರಿ ಯುದ್ಧವಾಯಿತು. ಚೋಳ ರಾಜಕುಮಾರ ರಾಜಾದಿತ್ಯ ಅಲ್ಲಿ ಮಡಿದ. ಕೃಷ್ಣನ ಪಕ್ಷದಲ್ಲಿದ್ದ ಗಂಗರ ಬೂತುಗ ತನ್ನ ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಕೇಳು ಎಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಒಂದನ್ನೊಂದು ಕೊಂದವು. ಮಣಲೆರ ಆತಕೂರಿನ ದೇವಾಲಯದ ಮುಂದೆ ಈ ಕಲ್ಲನ್ನು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟ. ಪೂಜೆ ಮಾಡದೆ ಆ ಭೂಮಿಯನ್ನು ಉಂಡವನಿಗೆ ನಾಯಿಯ ಪಾಪ ತಟ್ಟುತ್ತದೆಂದು ಬರೆಸಿದ. ತಕ್ಕೋಲದ ಯುದ್ಧದ ವಿವರ ಬೇಕಾದ ಇತಿಹಾಸಕಾರರು ಇಂದಿಗೂ ಈ ನಾಯಿಯ ಕಲ್ಲಿನ ಹತ್ತಿರ ಬರಬೇಕು. ಹುಡುಗನಿಗೆ ಯುದ್ಧ ಬೇಕಾಗಿರಲಿಲ್ಲ, ಕಾಳಿ ಬೇಕಾಗಿತ್ತು. ಇರಲಿ, ಬಾಗಿಲು ಯಾವುದಾದರೇನು?

ಹುಡುಗಿಯನ್ನು ನಿಲ್ಲಿಸಿದ್ದು ಬೇರೆ ಕಲ್ಲು. ಆನೆ, ಕುದುರೆ, ಬಿಲ್ಲು, ಗುರಾಣಿಗಳಿಂದ ಕಿಕ್ಕಿರಿದ ಯುದ್ಧದ ಚಿತ್ರವಿರುವ ದೊಡ್ಡ ವೀರಗಲ್ಲು. ಫಲಕವನ್ನು ಓದಿದವಳು ತಿರುಗಿ ಕೇಳಿದಳು: “ಬೇಗೂರು ಅಂದರೆ ಹೊಸೂರು ರಸ್ತೆಯ ಆಚೆಯ ಬೇಗೂರೇನಾ, ತಾತ? ನಮ್ಮ ಅತ್ತೆ ಫ್ಲ್ಯಾಟು ಇರೋದು?”

ಅದೇ ಬೇಗೂರು. ಗಂಗರ ಎರೆಯಪ್ಪನ ಕಾಲ, ಅಂದರೆ 9ನೆಯ ಶತಮಾನದ ಕೊನೆ ಅಥವಾ 10ನೆಯದರ ಮೊದಲು. ವೀರಮಹೇಂದ್ರನ ಮೇಲೆ ಕಾದಲು ಎರೆಯಪ್ಪ ತನ್ನ ಕಡೆಯ ನಾಗತ್ತರನನ್ನು ಕಳುಹಿಸಿದ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಹೋರಾಡಿ ಸತ್ತ. ಸುದ್ದಿ ಕೇಳಿದ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕೊಟ್ಟ. ಬೆಂಪೂರೇ ಬೇಗೂರು. ಸೇರಿದ ಊರುಗಳ ಪಟ್ಟಿಯೂ ಶಾಸನದಲ್ಲಿದೆ. ಅದರಲ್ಲಿ ಇಗ್ಗಲೂರು ಎಂದಿದೆ, ಕೂಡಲೆ ಎಂದಿದೆ. ಚಂದಾಪುರದ ಬಳಿ ಇಗ್ಗಲೂರು ಇಂದಿಗೂ ಇದೆ. ಕೂಡಲೆ ಎಂದು ಓದುವಾಗ ಹೊಸೂರು ರಸ್ತೆಯ ಕೂಡ್ಲು ನನ್ನ ಕಿವಿಯಲ್ಲಿ ಕೇಳಿಸುತ್ತದೆ. ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಹೋಗಿಬರುವ ಸಾವಿರಾರು ಜನ ಸಾವಿರ ವರ್ಷಗಳ ಹಿಂದಿನ ಒಂದು ದಾನಪತ್ರದ ಒಳಗೆ ಓಡಾಡುತ್ತಿದ್ದಾರೆ!

“ಅಲ್ಲಿಯ ಕಲ್ಲನ್ನು ಇಲ್ಲಿಗೆ ಯಾಕೆ ತಂದರು?” ಎಂದು ಹುಡುಗಿ ಕೇಳಿದಳು. ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಏಕೆಂದರೆ ಬೇಗೂರಿನ ಎಲ್ಲ ಕಲ್ಲುಗಳೂ ಬರಲಿಲ್ಲ. ಅಲ್ಲಿಯ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಸುಮಾರು 890ರ ಇನ್ನೊಂದು ವೀರಗಲ್ಲು ಉಳಿದುಕೊಂಡಿದೆ. ನಾಗತ್ತರನ ಕಡೆಯವರು ಬೆಂಗಳೂರಿನ ಕಾಳಗದಲ್ಲಿ ಸತ್ತರೆಂದು ಅದರಲ್ಲಿದೆ. ಬೆಂಗಳೂರು ಎಂಬ ಹೆಸರು ನಮಗೆ ದೊರೆತಿರುವ ಅತ್ಯಂತ ಹಳೆಯ ಬರಹ ಅದು. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳೆಂಬ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಕಥೆ ರುಚಿಯಾಗಿದೆ, ನಿಜ. ಆದರೆ ಬಲ್ಲಾಳನು ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಮೊದಲೇ ಆ ಹೆಸರಿನ ಊರು ಇದ್ದಿತೆಂದು ಈ ಕಲ್ಲು ಹೇಳಿಬಿಡುತ್ತದೆ.

ಹೀಗೆ ಒಂದೇ ಮನೆತನದ ಎರಡು ಕಲ್ಲುಗಳಲ್ಲಿ ಒಂದು ನಗರ ಸೇರಿತು, ಒಂದು ಊರಿನಲ್ಲಿಯೆ ನಿಂತಿತು. ನಗರ ಸೇರಿದ್ದಕ್ಕೆ ಸೂರು ಸಿಕ್ಕಿತು, ಫಲಕ ಸಿಕ್ಕಿತು, ಲಕ್ಷಾಂತರ ಜನರ ಕಣ್ಣು ಸಿಕ್ಕಿತು. ಆದರೆ ಅದರ ಸುತ್ತ ಊರಿಲ್ಲ, ಕೆರೆಯಿಲ್ಲ, ನಾಗತ್ತರನ ಮಣ್ಣಿಲ್ಲ. ಊರಿನಲ್ಲಿ ನಿಂತದ್ದಕ್ಕೆ ಇವೆಲ್ಲ ಇವೆ. ನೋಡಿದವರು ಮಾತ್ರ ಕಡಿಮೆ. ಅತ್ತೆಯ ಮನೆಗೆ ಹತ್ತು ಸಲ ಹೋಗಿದ್ದ ನಮ್ಮ ಹುಡುಗಿಯೂ ಅದನ್ನು ನೋಡಿರಲಿಲ್ಲ. ಯಾವುದು ಮೇಲು ಎಂದು ಕೇಳಿದರೆ, ಊರಿನಲ್ಲಿರುವುದೇ ಮೇಲು ಎಂದು ನನ್ನ ಮನಸ್ಸು ಹೇಳುತ್ತದೆ. ಹಾಗೆಂದು ಗಟ್ಟಿಯಾಗಿ ಹೇಳಲು ಧೈರ್ಯ ಬಾರದು. ಊರಿನಲ್ಲಿ ಉಳಿದ ಎಷ್ಟೋ ಕಲ್ಲುಗಳ ಗತಿ ಏನಾಯಿತೆಂದು ಎಲ್ಲರಿಗೂ ಗೊತ್ತಿದೆ.

ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಈ ಜಿಲ್ಲೆಯ ಶಾಸನಗಳನ್ನೆಲ್ಲ ಓದಿಸಿ, 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಅಚ್ಚು ಹಾಕಿಸಿದ. ಆನೇಕಲ್ಲು ತಾಲ್ಲೂಕಿನ ಕಲ್ಲುಗಳೂ ಅದರಲ್ಲಿವೆ. ಆ ಪುಸ್ತಕವನ್ನು ಹಿಡಿದು ಇಂದು ಊರೂರು ಸುತ್ತುವವರಿಗೆ ಎಷ್ಟೋ ಕಡೆ ಅಕ್ಷರ ಮಾತ್ರ ಪುಸ್ತಕದಲ್ಲಿದೆ, ಕಲ್ಲು ನೆಲದಲ್ಲಿಲ್ಲ. ರಸ್ತೆಯ ತಳಪಾಯಕ್ಕೆ ಹೋದದ್ದು ಕೆಲವು, ಬಡಾವಣೆಯ ಮಣ್ಣಿನಡಿ ಹೂತದ್ದು ಕೆಲವು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಯಂತ್ರದಿಂದ ದಾಖಲಿಸುವ ಕೆಲಸ ಕೈಗೊಂಡಿತು. ಕಣ್ಣಿಗೆ ಸವೆದುಹೋದ ಅಕ್ಷರವೂ ಆ ಯಂತ್ರಕ್ಕೆ ಕಾಣಿಸುತ್ತದೆ. ಕಲ್ಲನ್ನು ಕದಲಿಸದೆ ಅದರ ಪ್ರತಿರೂಪವನ್ನು ಲೋಕಕ್ಕೆಲ್ಲ ತೋರಿಸಬಹುದು. ರೈಸನ ಕಾಲದಲ್ಲಿ ಇಂಥದಿದ್ದರೆ ಬೇಗೂರಿನ ಕಲ್ಲು ಬಹುಶಃ ಬೇಗೂರಿನಲ್ಲಿಯೆ ಇರುತ್ತಿತ್ತು.

ಸರ್ಜಾಪುರದ ಪಾಲಿಗೆ ಇದು ಬರಿಯ ಪಂಡಿತರ ವಿಷಯವಲ್ಲ. ಹಳೆಯ ಗೆಜೆಟಿಯರಿನಲ್ಲಿ ಈ ಊರು ಮಗ್ಗದ ಊರು. ಹತ್ತಿಬಟ್ಟೆ, ಜಮಖಾನ ಇಲ್ಲಿ ತಯಾರಾಗುತ್ತಿದ್ದವು. ಅದಕ್ಕೂ ಹಿಂದೆ ನವಿರಾದ ಮಸ್ಲಿನ್ ನೇಯುತ್ತಿದ್ದರು. ಸರ್ಜಾಪುರದ ಮಸ್ಲಿನ್ನಿನ ಒಂದು ತುಂಡು ನನ್ನ ಕಣ್ಣಿಗೆ ಯಾವ ಗಾಜಿನ ಪೆಟ್ಟಿಗೆಯಲ್ಲಿಯೂ ಬಿದ್ದಿಲ್ಲ. ಹೊಸದಾಗಿ ಬಂದ ಸಂಸಾರಗಳ ಮಕ್ಕಳು ಇದು ಮೊನ್ನೆ ಹುಟ್ಟಿದ ಊರೆಂದು ನಂಬಿದ್ದಾರೆ. ಅವರನ್ನು ಹೇಗೆ ದೂರುವುದು? ಹಳೆಯ ಊರಿನವರ ಮಕ್ಕಳೂ ಅದನ್ನೇ ನಂಬಿದ್ದಾರೆ.

ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನವರದು ಒಂದು ಒಳ್ಳೆಯ ಪದ್ಧತಿಯಿದೆ. ಬಸ್ಸಿನೊಳಗೆ ವಿಜ್ಞಾನ ಪ್ರದರ್ಶನವನ್ನು ಜೋಡಿಸಿಕೊಂಡು ಹಳ್ಳಿಯ ಶಾಲೆಗಳಿಗೆ ಹೋಗುತ್ತಾರೆ. ಬರಲಾರದವರ ಹತ್ತಿರ ತಾವೇ ಹೋಗುವ ಕ್ರಮ. ಪಕ್ಕದ ಕೆಂಪು ಕಟ್ಟಡದ ಕಲ್ಲುಗಳು ಬಸ್ಸು ಹತ್ತಲಾರವು, ಸರಿ. ಅವುಗಳ ಅಚ್ಚು ಹತ್ತಬಹುದಲ್ಲ? ನಾಗತ್ತರನ ವೀರಗಲ್ಲಿನ ಒಂದು ಅಚ್ಚು, ಹನ್ನೆರಡು ಊರುಗಳ ಒಂದು ನಕ್ಷೆ, ಕಾಳಿಯ ಒಂದು ಚಿತ್ರ, ಹತ್ತಿ ನೂಲು ಹಾಸಿದ ಒಂದು ಕೈಮಗ್ಗ: ಇಷ್ಟನ್ನು ತಂದು ಸರ್ಜಾಪುರದ ಯಾವುದಾದರೂ ಶಾಲೆಯ ಅಂಗಳದಲ್ಲಿ ಒಂದು ವಾರ ಇಟ್ಟರೆ ಸಾಕು. ಮಗ್ಗದ ಮೇಲೆ ಮಾತ್ರ ‘ಮುಟ್ಟಬೇಡಿ’ ಎಂದು ಬರೆಯಬಾರದು.