ಸೇಬಿನ ಕೇಕು, ಅಂಜರಕಂಡಿಯ ಚಕ್ಕೆ

ಹೋದ ಸಲ ಹಾಕಿದ ಸೇಬಿನ ಕೇಕಿನ ಫೋಟೋ ನೋಡಿ ಎಲ್ಲರೂ ರೆಸಿಪಿ ಕೇಳಿದಿರಿ. ಚಿಕ್ಕಮ್ಮ ಮಾತ್ರ ಫೋನ್ ಮಾಡಿ, "ಚಕ್ಕೆ ಬಿರಿಯಾನಿಗೆ ಹಾಕುವುದಲ್ವಾ, ಕೇಕಿಗೆ ಎಂತಕ್ಕೆ?" ಅಂದರು.

ರೆಸಿಪಿ ಸಣ್ಣದು. ಎರಡು ಹಸಿರು ಸೇಬು ಸಿಪ್ಪೆ ತೆಗೆದು ಹೆಚ್ಚಿ, ಒಂದು ಚಮಚ ಚಕ್ಕೆ ಪುಡಿಯಲ್ಲಿ ಹೊರಳಿಸಿ. ಎರಡು ಮೊಟ್ಟೆ, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ, ಕಾಲು ಕಪ್ ಹಾಲು, ಒಂದೂವರೆ ಕಪ್ ಮೈದಾ, ಒಂದೂವರೆ ಚಮಚ ಬೇಕಿಂಗ್ ಪೌಡರ್ ಕಲಸಿ, ಸೇಬು ಸೇರಿಸಿ, 180 ಡಿಗ್ರಿಯಲ್ಲಿ 45 ನಿಮಿಷ. ಮುಗೀತು. ಚಿಕ್ಕಮ್ಮನ ಪ್ರಶ್ನೆಗೆ ಉತ್ತರವೇ ಉದ್ದ.

ಇಲ್ಲಿ ಉಬಿಯಲ್ಲಿ ನಾನು ಕೊಳ್ಳುವ ಚಕ್ಕೆ ಇಂಡೋನೇಷ್ಯಾದ್ದು, ದಪ್ಪ, ಗಟ್ಟಿ. ಮಲಯ ಭಾಷೆಯಲ್ಲಿ ಚಕ್ಕೆಗೆ 'ಕಾಯು ಮಾನಿಸ್' ಅಂತಾರೆ, ಸಿಹಿ ಮರ. ನಮ್ಮ 'ದಾಲ್ಚಿನ್ನಿ' ಪಾರ್ಸಿಯ 'ದಾರ್ ಚೀನಿ'ಯಿಂದ ಬಂದದ್ದು, ಚೀನಾದ ಮರ. ತೆಳ್ಳಗೆ ಪದರ ಪದರವಾಗಿ ಸುರುಳಿ ಸುತ್ತಿಕೊಳ್ಳುವುದು ಸಿಂಹಳದ ಚಕ್ಕೆ. ಅದರ ಆಸೆಗೆ ಆ ದ್ವೀಪ ಕೈಯಿಂದ ಕೈಗೆ ಹೋಯಿತು: 1505ರಲ್ಲಿ ಪೋರ್ಚುಗೀಸರು ಬಂದರು, 1656ರಲ್ಲಿ ಕೊಲಂಬೊ ಡಚ್ಚರ ಪಾಲಾಯಿತು, 1796ರಲ್ಲಿ ಇಂಗ್ಲಿಷರದ್ದು. ಡಚ್ಚರ ಕಾಲದಲ್ಲಿ ಚಕ್ಕೆ ಕದ್ದು ಮಾರಿದವರಿಗೆ ಮರಣದಂಡನೆಯೂ ಇತ್ತು.

ಇದೆಲ್ಲ ನಮಗೆ ದೂರದ ಕಥೆ ಅಂದುಕೊಂಡಿದ್ದೆ. ನೈಟ್ ಡ್ಯೂಟಿಗೆ ಕೇಕ್ ತೆಗೆದುಕೊಂಡು ಹೋದ ದಿನ ನಮ್ಮ ವಾರ್ಡಿನ ಕಣ್ಣೂರಿನ ಹುಡುಗಿ, "ಚಕ್ಕೆ ತೋಟ ನಮ್ಮಲ್ಲೇ ಉಂಟಲ್ಲ ಚೇಚಿ, ಅಂಜರಕಂಡಿಯಲ್ಲಿ" ಅಂದಳು. ಮಂಗಳೂರಿಂದ ರೈಲು ಹತ್ತಿ ಕಾಸರಗೋಡು ದಾಟಿದರೆ ಕಣ್ಣೂರು, ಆಮೇಲೆ ತಲಶ್ಶೇರಿ. ಅಂಜರಕಂಡಿ ಅಲ್ಲೇ ಒಳಗೆ. ಮನೆಗೆ ಬಂದು ಮಲಗುವುದು ಬಿಟ್ಟು ಓದುತ್ತಾ ಕೂತೆ.

ಆ ತೋಟವನ್ನು ಈಸ್ಟ್ ಇಂಡಿಯಾ ಕಂಪನಿ 1797ರಲ್ಲಿ ಶುರು ಮಾಡಿತು. ನೋಡಿಕೊಳ್ಳಲು ಇದ್ದವನು ಮರ್ಡಾಕ್ ಬ್ರೌನ್. ಮುಂದೆ ತೋಟ ಅವನ ಕೈಗೇ ಬಂತು. ಕೂಲಿಗೆ ಜನ ಸಿಗದಾಗ ಕಂಪನಿಯ ಒಪ್ಪಿಗೆಯಿಂದಲೇ ಪುಲಯರನ್ನು ದುಡ್ಡು ಕೊಟ್ಟು ಕೊಂಡರು. ಅಷ್ಟಕ್ಕೇ ನಿಲ್ಲಲಿಲ್ಲ. 1811-12ರಲ್ಲಿ ತಲಶ್ಶೇರಿಯ ಮ್ಯಾಜಿಸ್ಟ್ರೇಟ್ ಥಾಮಸ್ ಹಾರ್ವೆ ಬಾಬರ್ ತನಿಖೆ ಮಾಡಿದಾಗ, ತಿರುವಾಂಕೂರಿನಿಂದ ಕದ್ದು ತಂದ ಮಕ್ಕಳು ಆ ತೋಟದಲ್ಲಿ ಸಿಕ್ಕಿದರು. ಗುಲಾಮರಾಗಿ ಹುಟ್ಟದವರ ಮಕ್ಕಳೂ ಅವರಲ್ಲಿದ್ದರು. ಬಾಬರ್ ಅವರನ್ನು ಬಿಡಿಸಿದ. ಇದೇ ಬಾಬರ್ 1805ರಲ್ಲಿ ಪಳಶ್ಶಿ ರಾಜನನ್ನು ಬೆನ್ನಟ್ಟಿ ಹೋದವನು. ಮನುಷ್ಯರನ್ನು ಒಂದೇ ಖಾನೆಯಲ್ಲಿ ಹಾಕುವುದು ಕಷ್ಟ. ಗುಲಾಮಗಿರಿಗೆ ಕಾನೂನಿನ ಬೆಂಬಲ ತಪ್ಪಿದ್ದು 1843ರ ಕಾಯ್ದೆಯಿಂದ.

ಈಗ ಕೇಕಿಗೆ ಬರುವ. 1883ರಲ್ಲಿ ಅದೇ ಬ್ರೌನ್ ಮನೆತನದ, ಅದೇ ಹೆಸರಿನ ಇನ್ನೊಬ್ಬ ತೋಟದ ದೊರೆ ತಲಶ್ಶೇರಿಯ ಮಾಂಬಳ್ಳಿ ಬಾಪು ಅವರ ರಾಯಲ್ ಬಿಸ್ಕಿಟ್ ಫ್ಯಾಕ್ಟರಿಗೆ ಬಂದ. ಬಾಪು ಬರ್ಮಾದಲ್ಲಿ ಬಿಸ್ಕಿಟ್ ಮಾಡುವುದು ಕಲಿತು ಬಂದವರು. ಇಂಗ್ಲೆಂಡಿನ ಕೇಕ್ ರುಚಿ ತೋರಿಸಿ ಕ್ರಿಸ್ಮಸ್ಸಿಗೆ ಇಂಥದ್ದೇ ಬೇಕು, ಮಾಹೆಯಿಂದ ಬ್ರಾಂಡಿ ತರಿಸಿ ಹಾಕು ಅಂದನಂತೆ. ಬಾಪು ಬ್ರಾಂಡಿ ಬಿಟ್ಟು ಊರಿನ ಗೇರುಹಣ್ಣು, ಕದಳಿ ಬಾಳೆಹಣ್ಣಿನಿಂದ ಇಳಿಸಿದ್ದನ್ನೇ ಹಾಕಿದರು ಅಂತ ಕಥೆ. ದೊರೆಗೆ ಇಷ್ಟವಾಗಿ ಇನ್ನೂ ಹನ್ನೆರಡು ಕೇಕಿಗೆ ಹೇಳಿದನಂತೆ. ಗೇರುಹಣ್ಣಿಗೆ ಇಂಗ್ಲಿಷಿನವರು ಕ್ಯಾಶ್ಯೂ ಆಪಲ್ ಅನ್ನುತ್ತಾರಲ್ಲ, ಲೆಕ್ಕ ಹಾಕಿದರೆ ಅದೂ ಆಪಲ್ ಕೇಕೇ!

ಈ ಕೇಕಿನ ಕಥೆ ಪ್ರತಿ ಡಿಸೆಂಬರಿಗೆ ನನ್ನ ಫೋನಿಗೂ ಬರುತ್ತಿತ್ತು. ಬಾಪು, ಬ್ರೌನ್ ಇಬ್ಬರ ಹೆಸರೂ ಗೊತ್ತಿತ್ತು. ತೋಟದ ಮಕ್ಕಳ ವಿಷಯ ಗೊತ್ತಾಗಿದ್ದು ಈ ವಾರ. ವಾರ್ಡಿನಲ್ಲಿ ಆ ಹುಡುಗಿಗೆ ಹೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಬೆಲ್ ಆಯಿತು, ಎದ್ದು ಹೋದೆವು.

ಚಿಕ್ಕಮ್ಮಾ, ಕೇಕಿಗೆ ಚಕ್ಕೆ ಹಾಕುವುದು ಸೇಬಿನ ಹುಳಿಗೆ ಅದು ಒಪ್ಪುತ್ತದೆ ಅಂತ, ಅಷ್ಟೇ. ಮುಂದಿನ ರಜೆಯಲ್ಲಿ ಬಂದಾಗ ಅಂಜರಕಂಡಿಗೆ ಒಮ್ಮೆ ಹೋಗಿ ಬರುವ, ನೀವೂ ಬರಬೇಕು.